ಯುಎಂಪಿ ಸಿಗ್ನಲ್ ಬರ್ತಿದೆ, ಟಿಎಲ್‌ಸಿಯಲ್ಲಿ ಪಟ್ಟೆ ಇಲ್ಲ: ಲಿಪಿಡ್‌ಗೆ ಸಕ್ಕರೆ ಕೂರಿಸೋ ಎಂಜೈಮ್ ಬಗ್ಗೆ

ಕೋಲ್ಡ್‌ರೂಮ್_ಕಾವಲು
ಯಾರಾದ್ರೂ ದಾರಿ ತೋರಿಸಿ. ಎಂಜೈಮ್ ಕ್ಯಾಂಪೈಲೊಬ್ಯಾಕ್ಟರ್ ಜೆಜುನಿಯ ಪಿಜಿಎಲ್-ಸಿ, ಇ. ಕೋಲೈಯಲ್ಲಿ ಮಾಡಿಸಿದ್ದು. ಯುಡಿಪಿ-ಸಕ್ಕರೆಯಿಂದ ಸಕ್ಕರೆ-ಫಾಸ್ಫೇಟ್ ಎತ್ತಿ ಲಿಪಿಡ್ (ಅನ್‌ಡೆಕಾಪ್ರೆನಿಲ್ ಫಾಸ್ಫೇಟ್) ಮೇಲೆ ಕೂರಿಸತ್ತೆ, ಉಳಿಯೋ ಯುಎಂಪಿಯನ್ನ ಬಿಡತ್ತೆ. ಶುದ್ಧ ಮಾಡಿಲ್ಲ, ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಳ ಕಂಡ ಮೆಂಬ್ರೇನನ್ನೇ ಬಳಸ್ತಿದೀವಿ. ಬಫರ್: 50 ಮಿಲಿಮೋಲಾರ್ ಹೆಪೀಸ್ ಪಿಎಚ್ 7.5, 100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 0.1% ಟ್ರೈಟಾನ್ ಎಕ್ಸ್-100, 10% ಡಿಎಂಎಸ್‌ಒ. ಅನ್‌ಡೆಕಾಪ್ರೆನಿಲ್ ಫಾಸ್ಫೇಟ್ 20 ಮೈಕ್ರೋಮೋಲಾರ್, ಯುಡಿಪಿ-ಸಕ್ಕರೆ 20 ಮೈಕ್ರೋಮೋಲಾರ್, ಒಟ್ಟು 50 ಮೈಕ್ರೋಲೀಟರ್.

ಯುಎಂಪಿ ಇದ್ರೆ ಬೆಳಕು ಕೊಡೋ ಯುಎಂಪಿ/ಸಿಎಂಪಿ-ಗ್ಲೋ ಕಿಟ್‌ನಲ್ಲಿ ಬೆಳಕು ಚೆನ್ನಾಗೇ ಬರ್ತಿದೆ. ಅದೇ ರಿಯಾಕ್ಷನ್ನನ್ನ ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಎಳೆದು ಸಿಲಿಕಾ ಪ್ಲೇಟ್ ಮೇಲೆ ಓಡಿಸಿ (ಇದೇ ಟಿಎಲ್‌ಸಿ) ಬಣ್ಣ ತರಿಸೋ ಅನಿಸಾಲ್ಡಿಹೈಡ್ ಹೊಡೆದ್ರೆ ಏನೂ ಕಾಣಲ್ಲ. ಎಂಜೈಮ್ ಕೆಲಸ ಮಾಡ್ತಿದೆಯೋ ಇಲ್ಲವೋ?

ಬಫರ್_ಭಟ್ರು
ಎಂಜೈಮ್ ಇಲ್ಲದ ಬಾವಿಯಲ್ಲಿ (ಪ್ಲೇಟಿನ ಗುಳಿ) ಎಷ್ಟು ಬೆಳಕು? ಲಿಪಿಡ್ ಇಲ್ಲದ ಬಾವಿಯಲ್ಲಿ ಎಷ್ಟು? ಈ ಎರಡು ಹೇಳದೆ ಮುಂದಕ್ಕೆ ಹೋಗೋ ಹಾಗಿಲ್ಲ.

ಯಶವಂತಪುರ_ಲೋಕಲ್
ಮೆಂಬ್ರೇನ್ ಪ್ರೋಟೀನ್ ಅಲ್ವಾ, ಸತ್ತೋಗಿರತ್ತೆ ಗುರು. ಮತ್ತೆ ಬೆಳೆಸಿ.

ಬಫರ್_ಭಟ್ರು
ಲೋಕಲ್, ಎಲ್ಲದಕ್ಕೂ "ಮತ್ತೆ ಬೆಳೆಸಿ" ಅನ್ನೋದು ಸುಲಭ. ಈ ಥರ ರಿಯಾಕ್ಷನ್‌ನಲ್ಲಿ ಎಂಜೈಮನ್ನ ಕೊನೆಗೆ ಅನುಮಾನಿಸ್ಬೇಕು. ಮೊದಲು ಲಿಪಿಡ್, ಆಮೇಲೆ ಸಕ್ಕರೆ, ಆಮೇಲೆ ಅಳೆಯೋ ವಿಧಾನ.

ಕೋಲ್ಡ್‌ರೂಮ್_ಕಾವಲು
ಎಂಜೈಮ್ ಇಲ್ಲದ್ದು ಕಡಿಮೆ, ಆದ್ರೂ ಸೊನ್ನೆ ಅಲ್ಲ. ಲಿಪಿಡ್ ಇಲ್ಲದ್ದು ಮಾತ್ರ ಪೂರ್ತಿ ರಿಯಾಕ್ಷನ್‌ಗೆ ಹೆಚ್ಚುಕಡಿಮೆ ಸಮ. ಇನ್ನೊಂದು ವಿಷಯ, ಯುಡಿಪಿ-ಡೈನ್ಯಾಕ್‌ಬ್ಯಾಕ್ ಸುಲಭಕ್ಕೆ ಸಿಗದ ಕಾರಣ ಸದ್ಯಕ್ಕೆ ಯುಡಿಪಿ-ಗ್ಲಕ್‌ನ್ಯಾಕ್ ಹಾಕಿ ನೋಡ್ತಿದೀವಿ.

ಜಕ್ಕೂರು_ಕೆರೆದಂಡೆ
ಅಲ್ಲೇ ಇದೆ ನೋಡಿ. ಜೆಜುನಿಯ ಪಿಜಿಎಲ್-ಸಿಗೆ ಬೇಕಾಗಿರೋದು ಡೈನ್ಯಾಕ್‌ಬ್ಯಾಕ್, ಅಂದ್ರೆ ಎರಡನೇ ಮತ್ತು ನಾಲ್ಕನೇ ಇಂಗಾಲದ ಮೇಲೆ ಅಸಿಟಮಿಡೊ, ಆರನೇದರಲ್ಲಿ ಆಕ್ಸಿಜನ್ ಇಲ್ಲದ ಸಕ್ಕರೆ. ಗ್ಲಕ್‌ನ್ಯಾಕ್ ಕೊಟ್ರೆ ಅದು ಮೂಸಿಯೂ ನೋಡಲ್ಲ. ಆದ್ರೆ ನಿಮ್ಮ ಮೆಂಬ್ರೇನ್‌ನಲ್ಲಿ ಪಿಜಿಎಲ್-ಸಿ ಒಂದೇ ಇಲ್ವಲ್ಲ. ಇ. ಕೋಲೈಯ ಸ್ವಂತ ವೆಕ್-ಎ ಇದೆ, ಅದಕ್ಕೆ ಯುಡಿಪಿ-ಗ್ಲಕ್‌ನ್ಯಾಕೇ ಊಟ. ಮೆಂಬ್ರೇನ್‌ನಲ್ಲಿ ಮೊದಲೇ ಇರೋ ಅನ್‌ಡೆಕಾಪ್ರೆನಿಲ್ ಫಾಸ್ಫೇಟ್ ಮೇಲೆ ಅದು ಸಕ್ಕರೆ ಕೂರಿಸಿ ಯುಎಂಪಿ ಬಿಡತ್ತೆ. ಅದಕ್ಕೇ ಲಿಪಿಡ್ ಹಾಕದ ಬಾವಿಯೂ ಬೆಳಗ್ತಿದೆ.

ಹಿತ್ತಲ_ಮದ್ದು
ಮಧ್ಯದಲ್ಲಿ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾನು ಆಸ್ಪತ್ರೆ ಮೈಕ್ರೋಬಯಾಲಜಿ ಕಡೆಯವನು, ಎಂಜೈಮ್ ಕಡೆಯವನಲ್ಲ. ಲಿಪಿಡ್‌ಗೆ ಸಕ್ಕರೆ ಯಾಕೆ ಕಟ್ಟಬೇಕು? ಗ್ಲೈಕೊಲಿಪಿಡ್ ಅಂದ್ರೆ ಲಿಪಿಡ್ ಎ ಥರದ್ದೇ ಅಲ್ವಾ?

ಅನ್ನಪೂರ್ಣಮ್ಮನ_ಮಗಳು
ಅಲ್ಲ ಸಾರ್, ಇವೆರಡನ್ನ ಬೆರೆಸಬಾರದು. ಲಿಪಿಡ್ ಎ ಅನ್ನೋದು ಹೊರಪೊರೆಯಲ್ಲಿ ಶಾಶ್ವತವಾಗಿ ಕೂರೋ ವಸ್ತು. ಗ್ಲೂಕೋಸಮೈನ್ ಜೋಡಿ, ಅದಕ್ಕೆ ನೇರವಾಗಿ ಅಂಟಿರೋ ಕೊಬ್ಬಿನಾಮ್ಲಗಳು. ಅದರ ದಾರಿ ಎಲ್‌ಪಿಎಕ್ಸ್-ಎ, ಎಲ್‌ಪಿಎಕ್ಸ್-ಸಿ ಅಂತ ಬೇರೆಯೇ ಸಾಲು. ಇಲ್ಲಿ ಮಾತಾಡ್ತಿರೋ ಲಿಪಿಡ್ ಒಂದು ವಾಹಕ, ತಾತ್ಕಾಲಿಕ.

ಯುಡಿಪಿ-ಸಕ್ಕರೆ ಸಿಗೋದು ಸೈಟೊಪ್ಲಾಸಂನಲ್ಲಿ. ಕೋಶಭಿತ್ತಿ ಕಟ್ಟಬೇಕಾಗಿರೋದು ಪೊರೆಯ ಆಚೆ. ನೀರಿಗೆ ಒಗ್ಗೋ ಸಕ್ಕರೆ ಪೊರೆ ದಾಟಲ್ಲ. ಹಾಗಾಗಿ 55 ಇಂಗಾಲದ ಉದ್ದನೆಯ ಐಸೊಪ್ರೀನ್ ಬಾಲದ ತುದಿಯ ಫಾಸ್ಫೇಟಿಗೆ ಸಕ್ಕರೆ-1-ಫಾಸ್ಫೇಟ್ ಕಟ್ಟೋದು, ಒಂದೊಂದಾಗಿ ಬೇರೆ ಸಕ್ಕರೆ ಸೇರಿಸೋದು, ಆಮೇಲೆ ಇಡೀ ಗಂಟನ್ನ ಆಚೆ ಮಗುಚೋದು. ಆಚೆ ಬದಿಯ ಎಂಜೈಮ್ ಸಕ್ಕರೆಯನ್ನ ಎತ್ಕೊಂಡು ಬಾಲವನ್ನ ಬಿಡತ್ತೆ. ಪೆಪ್ಟಿಡೊಗ್ಲೈಕನ್, ಒ-ಆ್ಯಂಟಿಜೆನ್, ಗ್ರಾಂ ಪಾಸಿಟಿವ್‌ಗಳ ಟೈಕೊಯಿಕ್ ಆ್ಯಸಿಡ್, ಕ್ಯಾಂಪೈಲೊಬ್ಯಾಕ್ಟರ್ ಪ್ರೋಟೀನಿಗೆ ಅಂಟಿಸೋ ಏಳು ಸಕ್ಕರೆಯ ಗೊಂಚಲು, ಎಲ್ಲದಕ್ಕೂ ಇದೇ ಬಾಲ. 1965ರಿಂದ 67ರ ಒಳಗೆ ಪೆಪ್ಟಿಡೊಗ್ಲೈಕನ್ ಕಡೆಯಿಂದ ಸ್ಟ್ರಾಮಿಂಜರ್ ತಂಡ, ಸಾಲ್ಮೊನೆಲ್ಲಾ ಒ-ಆ್ಯಂಟಿಜೆನ್ ಕಡೆಯಿಂದ ಇನ್ನೊಂದು ಗುಂಪು ಹೊರಟು ಒಂದೇ ವಾಹಕಕ್ಕೆ ಬಂದು ಸೇರಿದ್ರು.

ಪಿಎಚ್_ಏಳೂವರೆ
ಒಂದು ಸೇರಿಸ್ತೀನಿ. ಈ ಬಾಲ ಕೋಶದಲ್ಲಿ ತುಂಬಾ ಕಡಿಮೆ. ಹಳೇ ಸೋಡಾ ಅಂಗಡಿ ಲೆಕ್ಕ: ಖಾಲಿ ಬಾಟ್ಲಿ ವಾಪಸ್ ಬರದಿದ್ರೆ ಹೊಸ ಸೋಡಾ ಇಲ್ಲ. ಆಚೆ ಬದಿಯಲ್ಲಿ ಪೈರೊಫಾಸ್ಫೇಟ್ ರೂಪದಲ್ಲಿ ಬಿಡುಗಡೆ ಆಗೋ ಬಾಲದಿಂದ ಒಂದು ಫಾಸ್ಫೇಟ್ ಕಿತ್ತು ಮತ್ತೆ ಒಳಗೆ ತರಬೇಕು. ಕೀಳೋ ಕೆಲಸ ಇ. ಕೋಲೈಯಲ್ಲಿ ಮುಖ್ಯವಾಗಿ ಬ್ಯಾಕ್-ಎ ಮಾಡತ್ತೆ. ಒಳಗೆ ತರೋರು ಯಾರು ಅಂತ ಬಹಳ ಕಾಲ ಗೊತ್ತಿರಲಿಲ್ಲ. ಡೆಡ್-ಎ ಕುಟುಂಬದ ಪ್ರೋಟೀನುಗಳು, ಜೊತೆಗೆ ಪಾಪ್-ಟಿ ಅಂತ ಹೆಸರಿಟ್ಟ ಇನ್ನೊಂದು ಕುಟುಂಬ, ಈಚೆಗಷ್ಟೇ ಆ ಜಾಗಕ್ಕೆ ಬಂದಿವೆ.

ಹಿತ್ತಲ_ಮದ್ದು
ಓಹೋ, ಬ್ಯಾಸಿಟ್ರಾಸಿನ್ ಕೆಲಸ ಮಾಡೋದು ಅಲ್ಲೇ ತಾನೆ?

ಪಿಎಚ್_ಏಳೂವರೆ
ಅಲ್ಲೇ. ಬ್ಯಾಸಿಟ್ರಾಸಿನ್ ಸತುವಿನಂಥ ಲೋಹದ ಅಯಾನ್ ಹಿಡ್ಕೊಂಡು ಆ ಪೈರೊಫಾಸ್ಫೇಟನ್ನ ಸುತ್ತಿಕೊಂಡು ಕೂತುಬಿಡತ್ತೆ. ಫಾಸ್ಫೇಟ್ ಕೀಳೋಕೆ ಬಿಡಲ್ಲ. ಇಡಿಟಿಎ ಹಾಕಿದ್ರೆ ಅದರ ಆಟ ಮುಗೀತು. ಮನೆಮನೆಯಲ್ಲಿರೋ ನಿಯೋಸ್ಪೊರಿನ್ ಪೌಡರ್ ಡಬ್ಬಿ ತಿರುಗಿಸಿ ನೋಡಿ: ಬ್ಯಾಸಿಟ್ರಾಸಿನ್ ಈ ವಾಹಕದ ಮೇಲೆ, ಪಾಲಿಮಿಕ್ಸಿನ್ ಬಿ ನೀವು ಹೇಳಿದ ಲಿಪಿಡ್ ಎ ಮೇಲೆ, ನಿಯೋಮೈಸಿನ್ ರೈಬೋಸೋಮ್ ಮೇಲೆ. ಎರಡು ಬೇರೆ ಬೇರೆ ಲಿಪಿಡ್ ಕಥೆಗೆ ಒಂದೇ ಡಬ್ಬಿ ಸಾಕು.

ಯಶವಂತಪುರ_ಲೋಕಲ್
ವ್ಯಾಂಕೊಮೈಸಿನ್ ಪೆಪ್ಟಿಡೊಗ್ಲೈಕನ್ ದಾರಿಯಲ್ಲಿ ವಾಹಕದ ಮೇಲೆ ಮೊದಲ ಸಕ್ಕರೆ ಕೂರಿಸೋ ಎಂಆರ್‌ಎವೈ ಎಂಜೈಮನ್ನ ತಡೆಯತ್ತೆ ಅಲ್ವಾ?

ಅನ್ನಪೂರ್ಣಮ್ಮನ_ಮಗಳು
ಇಲ್ಲಪ್ಪ. ವ್ಯಾಂಕೊಮೈಸಿನ್ ಯಾವ ಎಂಜೈಮನ್ನೂ ಹಿಡಿಯಲ್ಲ, ಲಿಪಿಡ್ 2ರ (ಪೆಪ್ಟಿಡೊಗ್ಲೈಕನ್ ಗಂಟು ಹೊತ್ತ ಇದೇ ವಾಹಕ) ಪೆಪ್ಟೈಡ್ ತುದಿಯ ಡಿ-ಅಲನಿನ್ ಜೋಡಿಯನ್ನ ಹಿಡಿಯತ್ತೆ. ಆ ತುದಿ ಡಿ-ಲ್ಯಾಕ್ಟೇಟ್ ಆದ್ರೆ ಹಿಡಿತ ಸಾವಿರ ಪಟ್ಟು ಸಡಿಲ, ವ್ಯಾನ್-ಎ ಮಾಡೋದು ಅದನ್ನೇ. ನಿಸಿನ್ ಪೈರೊಫಾಸ್ಫೇಟ್ ಕಡೆಯಿಂದ ಹಿಡಿಯತ್ತೆ. ಎಂಆರ್‌ಎವೈ ತಡೆಯೋದು ಟ್ಯೂನಿಕಮೈಸಿನ್, ಮುರೇಮೈಸಿನ್, ಕ್ಯಾಪುರಮೈಸಿನ್ ಥರದವು.

ಯಶವಂತಪುರ_ಲೋಕಲ್
ಸರಿ ಮೇಡಂ 🙏

ಜಕ್ಕೂರು_ಕೆರೆದಂಡೆ
ಮೂಲ ಪ್ರಶ್ನೆಗೆ ಬರೋಣ. ಟ್ಯೂನಿಕಮೈಸಿನ್ ಹೆಸರು ಬಂತಲ್ಲ, ಕೋಲ್ಡ್‌ರೂಮ್ ಅವರಿಗೆ ಅದೇ ಪರೀಕ್ಷೆ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕಿ. ವೆಕ್-ಎ, ಎಂಆರ್‌ಎವೈ ಎರಡೂ ಪೊರೆಯೊಳಗೆ ಹತ್ತು ಹನ್ನೊಂದು ಸಲ ಹೊಕ್ಕು ಹೊರಡೋ ಜಾತಿ, ಟ್ಯೂನಿಕಮೈಸಿನ್ ಅವನ್ನ ತಡೆಯತ್ತೆ. ಪಿಜಿಎಲ್-ಸಿ ಬೇರೆ ಜಾತಿ, ಸುಮಾರು 200 ಅಮಿನೊ ಆಮ್ಲದ ಪುಟ್ಟ ಪ್ರೋಟೀನ್. ಒಂದು ಹೆಲಿಕ್ಸ್ ಪೊರೆಯೊಳಗೆ ಅರ್ಧ ಹೋಗಿ ಬಾಗಿ ಅದೇ ಬದಿಗೆ ವಾಪಸ್ ಬರತ್ತೆ. ಅದರ ಮೇಲೆ ಟ್ಯೂನಿಕಮೈಸಿನ್ ನಡೆಯಲ್ಲ. ಬೆಳಕು ಬಿದ್ದುಹೋದ್ರೆ ಅದು ವೆಕ್-ಎ. ಗ್ಲೌಸ್ ಹಾಕ್ಕೊಳ್ಳಿ, ನಮ್ಮ ಕೋಶಗಳ ಎನ್-ಗ್ಲೈಕೊಸೈಲೇಷನ್‌ನ ಮೊದಲ ಹೆಜ್ಜೆಯನ್ನೂ ಅದು ನಿಲ್ಲಿಸತ್ತೆ.

ಬಫರ್_ಭಟ್ರು
ಬೆಳಕು ಪೂರ್ತಿ ಬೀಳಲ್ಲ, ಬರೆದಿಟ್ಕೊಳ್ಳಿ. ಉಶ್-ಎ ಮರೆತ್ರಿ. ಇ. ಕೋಲೈಯ ಪೆರಿಪ್ಲಾಸಂನಲ್ಲಿರೋ ಈ ಎಂಜೈಮ್ ಯುಡಿಪಿ-ಸಕ್ಕರೆಯನ್ನ ನೇರವಾಗಿ ಸೀಳಿ ಸಕ್ಕರೆ-1-ಫಾಸ್ಫೇಟ್ ಮತ್ತು ಯುಎಂಪಿ ಮಾಡತ್ತೆ. ಲಿಪಿಡ್ ಬೇಕೇ ಬೇಡ. ಅಷ್ಟಕ್ಕೇ ನಿಲ್ಲಲ್ಲ, ಆ ಯುಎಂಪಿಯನ್ನೂ ಯುರಿಡಿನ್ ಮಾಡಿ ಮುಗಿಸತ್ತೆ. ಹಾಗಾಗಿ ಹತ್ತು ನಿಮಿಷಕ್ಕೆ ಬೆಳಕು ಏರಿ ಒಂದು ಗಂಟೆಗೆ ಇಳಿದ್ರೆ ಉಶ್-ಎ ಕೈವಾಡ ಅಂತ ಅನುಮಾನ ಪಡಿ. ಕೋಶ ಒಡೆದಾಗ ಮೆಂಬ್ರೇನ್ ಗುಳ್ಳೆಗಳ ಒಳಗೆ ಅದು ಸಿಕ್ಕಿಕೊಳ್ಳತ್ತೆ, ಒಂದು ಸಲ ತೊಳೆದ್ರೆ ಹೋಗಲ್ಲ.

ಎಂಜೈಮ್ ಇಲ್ಲದ ಬಾವಿಯ ಸಣ್ಣ ಬೆಳಕು ಬೇರೆ ವಿಷಯ. ಅದು ಯುಡಿಪಿ-ಸಕ್ಕರೆ ಸೀಸೆಯಲ್ಲೇ ಬಂದಿರೋ ಯುಎಂಪಿ. ಸಾಮಾನ್ಯ ದರ್ಜೆಯ ಯುಡಿಪಿ-ಗ್ಲಕ್‌ನ್ಯಾಕ್‌ನಲ್ಲಿ ಇದು ಇದ್ದೇ ಇರತ್ತೆ.

ಮಿಕ್ಸರ್_ಗ್ರೈಂಡರ್
ಅದಕ್ಕೆ ಕಾಫ್ ಇಂಟೆಸ್ಟೈನಲ್ ಫಾಸ್ಫಟೇಸ್ ಹಾಕಿಬಿಡಿ. ಯುಎಂಪಿ ತಿನ್ನತ್ತೆ, ಯುಡಿಪಿ-ಸಕ್ಕರೆ ಮುಟ್ಟಲ್ಲ.

ಬಫರ್_ಭಟ್ರು
ಹಾಕಿ, ಆದ್ರೆ ತೆಗೆದೂ ಹಾಕಿ. 10 ಕಿಲೊಡಾಲ್ಟನ್ ಫಿಲ್ಟರ್‌ನಲ್ಲಿ ತಿರುಗಿಸಿ ಕೆಳಗೆ ಬಂದದ್ದನ್ನ ಮಾತ್ರ ಬಳಸಿ. ಚೂರು ಫಾಸ್ಫಟೇಸ್ ಉಳಿದ್ರೂ ನಿಮ್ಮ ನಿಜವಾದ ಪ್ರಾಡಕ್ಟ್ ಯುಎಂಪಿಯನ್ನ ಅದು ನುಂಗತ್ತೆ, ಆಮೇಲೆ "ಎಂಜೈಮ್ ಸತ್ತಿದೆ" ಅಂತ ಲೋಕಲ್ ಮತ್ತೆ ಬರ್ತಾರೆ.

ಯಶವಂತಪುರ_ಲೋಕಲ್
😂 ಬಿಡಿ ಭಟ್ರೆ

ಕೋಲ್ಡ್‌ರೂಮ್_ಕಾವಲು
ಇದೆಲ್ಲ ಸರಿ. ವೆಕ್-ಎಯೇ ಆಗಿರ್ಲಿ, ಲಿಪಿಡ್ ಮೇಲೆ ಗ್ಲಕ್‌ನ್ಯಾಕ್ ಕೂತಿರ್ಬೇಕಲ್ವಾ? ಟಿಎಲ್‌ಸಿಯಲ್ಲಿ ಅದಾದ್ರೂ ಕಾಣ್ಬೇಕಿತ್ತು.

ಪಿಎಚ್_ಏಳೂವರೆ
ಲೆಕ್ಕ ಹಾಕಿ. 20 ಮೈಕ್ರೋಮೋಲಾರ್, 50 ಮೈಕ್ರೋಲೀಟರ್: ಒಟ್ಟು 1 ನ್ಯಾನೋಮೋಲ್ ಲಿಪಿಡ್. ಅನ್‌ಡೆಕಾಪ್ರೆನಿಲ್ ಫಾಸ್ಫೇಟ್‌ನ ಅಣುತೂಕ 847, ಅಂದ್ರೆ 0.85 ಮೈಕ್ರೋಗ್ರಾಂ. ಅದರಲ್ಲಿ ಐದನೇ ಒಂದು ಭಾಗ ಪ್ರಾಡಕ್ಟ್ ಆದ್ರೆ ಎಷ್ಟು ಉಳೀತು? ಅನಿಸಾಲ್ಡಿಹೈಡ್‌ಗೆ ಅಷ್ಟು ಕಾಣೋ ಕಣ್ಣಿಲ್ಲ. ಮೇಲಿಂದ ಎಳೆಯುವಾಗ ಅರ್ಧ ಹೋಗಿರತ್ತೆ, ಮೆಂಬ್ರೇನಿನ ಫಾಸ್ಫೊಲಿಪಿಡ್ ಎಲ್ಲ ಪ್ಲೇಟ್ ಮೇಲೆ ದೊಡ್ಡ ಕಲೆ ಆಗಿ ಹರಡಿರತ್ತೆ.

ಟಿಎಲ್‌ಸಿಯೇ ಬೇಕು ಅಂದ್ರೆ ರಿಯಾಕ್ಷನ್ ಹತ್ತಿಪ್ಪತ್ತು ಪಟ್ಟು ದೊಡ್ಡದು ಮಾಡಿ, ಕ್ಲೋರೋಫಾರ್ಮ್ : ಮೆಥನಾಲ್ : ನೀರು : ಅಮೋನಿಯಾ 88:48:10:1ರಲ್ಲಿ ಓಡಿಸಿ. ಇಲ್ಲಾಂದ್ರೆ ಮಾಸ್ ಸ್ಪೆಕ್‌ಗೆ ಕೊಡಿ. ನೆಗೆಟಿವ್ ಮೋಡ್‌ನಲ್ಲಿ ಬರಿ ವಾಹಕ 845.66, ಗ್ಲಕ್‌ನ್ಯಾಕ್ ಕೂತ ಪೈರೊಫಾಸ್ಫೇಟ್ 1128.70, ಎರಡು ಚಾರ್ಜ್ ಆದ್ರೆ 563.85. ಡೈನ್ಯಾಕ್‌ಬ್ಯಾಕ್ ಆದ್ರೆ 1153.74. ಈ ಎರಡರ ನಡುವೆ 25 ವ್ಯತ್ಯಾಸ ಇದೆಯಲ್ಲ, ವೆಕ್-ಎ ಮಾಡಿದ್ದೋ ಪಿಜಿಎಲ್-ಸಿ ಮಾಡಿದ್ದೋ ಒಂದೇ ಓಟಕ್ಕೆ ಗೊತ್ತಾಗತ್ತೆ. 925.62 ದೊಡ್ಡದಾಗಿ ಕಂಡ್ರೆ ಸಕ್ಕರೆ ಇಲ್ಲದ ಪೈರೊಫಾಸ್ಫೇಟ್, ಲಿಪಿಡ್ ಸ್ಟಾಕಿನಲ್ಲೇ ಇತ್ತಾ ಅಂತ ನೋಡಿ. ಜಿಕೆವಿಕೆ ಕ್ಯಾಂಪಸ್‌ನ ಸಿ-ಕ್ಯಾಂಪ್‌ನಲ್ಲಿ ಮಾಸ್ ಸ್ಪೆಕ್ ಸೌಲಭ್ಯ ಇದೆ. ಸ್ಯಾಂಪಲ್ ಕೊಡೋ ಮೊದಲು ಟ್ರೈಟಾನ್ ಇದೆ ಅಂತ ಹೇಳಿ, ಅದರ ಪಾಲಿಮರ್ ಗೋಪುರ ಇಡೀ ಸ್ಪೆಕ್ಟ್ರಮ್ ಮುಚ್ಚತ್ತೆ.

ಗೋಬರ್_ಗ್ಯಾಸ್
ರೇಡಿಯೊಆ್ಯಕ್ಟಿವ್ ಮಾಡಿ ಮುಗಿಸೋದು ಬಿಟ್ಟು ಏನಿದು ಸರ್ಕಸ್? ಟ್ರಿಷಿಯಂ ಹಾಕಿದ ಯುಡಿಪಿ-ಸಕ್ಕರೆ, 2:1 ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ನಿಲ್ಲಿಸು, ಮೂರು ಸಲ ತೊಳೆ, ಕೆಳಗಿನ ಪದರ ಎಣಿಸು. ಅಷ್ಟೆ.

ಅನ್ನಪೂರ್ಣಮ್ಮನ_ಮಗಳು
ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ, ಸುರಕ್ಷತಾ ಅಧಿಕಾರಿ, ತ್ಯಾಜ್ಯದ ಲೆಕ್ಕ ಇರೋ ಲ್ಯಾಬಿಗೆ ಅದು ನಿಜವಾಗ್ಲೂ ಅತ್ಯುತ್ತಮ. ಇಲ್ಲದವರಿಗೆ ಹೇಳಿ ಪ್ರಯೋಜನ ಇಲ್ಲ.

ತೊಳೆಯೋ ದ್ರಾವಣ ಮಾತ್ರ ಎಲ್ಲರಿಗೂ ಉಪಯೋಗ: ಕ್ಲೋರೋಫಾರ್ಮ್ 15 ಮಿಲಿ, ಮೆಥನಾಲ್ 240 ಮಿಲಿ, ನೀರು 235 ಮಿಲಿ, ಪೊಟ್ಯಾಸಿಯಂ ಕ್ಲೋರೈಡ್ 1.83 ಗ್ರಾಂ. ಬರಿ ನೀರಲ್ಲಿ ತೊಳೆದ್ರೆ ಟ್ರೈಟಾನ್ ಇರೋದ್ರಿಂದ ಮಜ್ಜಿಗೆ ಥರ ಬಿಳಿ ಎಮಲ್ಷನ್ ಕಟ್ಟತ್ತೆ, ಪದರ ಬೇರೆ ಆಗೋದೇ ಇಲ್ಲ. ಉಪ್ಪು ಅದನ್ನ ಒಡೆಯತ್ತೆ. ನಡುವಿನ ಬಿಳಿ ತೆರೆ ಪ್ರೋಟೀನ್, ಪಿಪೆಟ್ ತುದಿ ಅದಕ್ಕೆ ತಾಗಿಸದೆ ಕೆಳಗಿನದ್ದು ಎಳೀಬೇಕು.

ಜಕ್ಕೂರು_ಕೆರೆದಂಡೆ
ಇದು ಒಂದು ಸಕ್ಕರೆ ಕೂತಿದ್ದಾಗ ಮಾತ್ರ, ಗಮನಿಸಿ. ಸಕ್ಕರೆ ಸೇರ್ತಾ ಹೋದಂಗೆ ಅಣು ನೀರಿನ ಕಡೆ ವಾಲತ್ತೆ. ಲಿಪಿಡ್ 2 ಎಳೆಯೋಕೆ ಎನ್-ಬ್ಯೂಟನಾಲ್, ಪಿಎಚ್ 4.2ರ ಪಿರಿಡಿನಿಯಂ ಅಸಿಟೇಟ್. ಕ್ಯಾಂಪೈಲೊಬ್ಯಾಕ್ಟರಿನ ಏಳು ಸಕ್ಕರೆಯದ್ದಕ್ಕೆ ಕ್ಲೋರೋಫಾರ್ಮ್-ಮೆಥನಾಲ್-ನೀರು 10:10:3. 2:1ರಲ್ಲಿ ಎಳೆದು ಮೇಲಿನ ಪದರ ಚೆಲ್ಲಿದ್ರೆ ಪ್ರಾಡಕ್ಟ್ ಸಿಂಕಿಗೆ.

ಮಿಕ್ಸರ್_ಗ್ರೈಂಡರ್
ಸಿಂಕಿಗೆ ಕ್ಲೋರೋಫಾರ್ಮ್ ಚೆಲ್ಲೋದೇ ತಪ್ಪು. ಹ್ಯಾಲೊಜನ್ ತ್ಯಾಜ್ಯದ ಕ್ಯಾನ್ ಇದೆ ಅದಕ್ಕೆ.

ಬಫರ್_ಭಟ್ರು
ಕೋಲ್ಡ್‌ರೂಮ್, ಲಿಪಿಡ್ ಯಾವುದರಲ್ಲಿ ಇಟ್ಟಿದೀರಿ?

ಕೋಲ್ಡ್‌ರೂಮ್_ಕಾವಲು
ಡಿಎಂಎಸ್‌ಒ ಸ್ಟಾಕ್, 1.5 ಮಿಲಿ ಪ್ಲಾಸ್ಟಿಕ್ ಟ್ಯೂಬ್, ಮೈನಸ್ 20.

ಬಫರ್_ಭಟ್ರು
ನೋಡಿ, ಇದಕ್ಕೇ ಹೇಳಿದ್ದು ಲಿಪಿಡ್ ಮೊದಲು ಅಂತ. ಡಿಎಂಎಸ್‌ಒ 18 ಡಿಗ್ರಿ ಸುಮಾರಿಗೇ ಗಟ್ಟಿ ಆಗತ್ತೆ. ಪ್ರತಿ ಸಲ ಕರಗಿಸಿ ಗಟ್ಟಿ ಮಾಡಿದಾಗ ಗಾಳಿಯ ತೇವ ಎಳ್ಕೊಳ್ಳತ್ತೆ, ನೀರು ಸೇರಿದಷ್ಟೂ 55 ಇಂಗಾಲದ ಬಾಲ ಹೊರಗೆ ಬಿದ್ದು ಗೋಡೆಗೆ ಅಂಟತ್ತೆ. ಟ್ಯೂಬ್ ನೋಡೋಕೆ ತಿಳಿಯಾಗೇ ಇರತ್ತೆ. ಮೇಲಿಂದ ತೆಗೆದ 2 ಮೈಕ್ರೋಲೀಟರ್‌ನಲ್ಲಿ ನೀವು ಅಂದ್ಕೊಂಡ ಲಿಪಿಡ್ ಇರಲ್ಲ.

ಮೂಲ ಸ್ಟಾಕ್ ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ, ಗಾಜಿನ ವೈಯಲ್, ಟೆಫ್ಲಾನ್ ಒಳಪದರದ ಮುಚ್ಚಳ. ಬೇಕಾದಷ್ಟು ಗಾಜಿನ ಟ್ಯೂಬಿಗೆ ಹಾಕಿ ನೈಟ್ರೋಜನ್ ಊದಿ ಒಣಗಿಸಿ, ತಳದಲ್ಲಿ ತೆಳು ಪೊರೆ ಕೂರತ್ತೆ. ಅದಕ್ಕೆ ಡಿಎಂಎಸ್‌ಒ, ಬಾತ್ ಸೋನಿಕೇಟರ್‌ನಲ್ಲಿ ಕೆಲವು ನಿಮಿಷ, ಆಮೇಲೆ ಟ್ರೈಟಾನ್ ಇರೋ ಬಫರ್. ಎಂಜೈಮ್ ಹಾಕೋ ಮೊದಲು ಐದು ನಿಮಿಷ ಹಾಗೇ ಬಿಡಿ. ಅವತ್ತಿಗೆ ಬೇಕಾದಷ್ಟೇ ಮಾಡಿ.

ಹಳೇ ಕ್ಲೋರೋಫಾರ್ಮ್ ಬೇಡವೇ ಬೇಡ. ಬೆಳಕಿಗೆ ಕೂತು ಆಮ್ಲ ಆಗಿರತ್ತೆ. ಈ ಫಾಸ್ಫೇಟ್ ಪಕ್ಕದಲ್ಲೇ ಜೋಡಿಬಂಧ ಇದೆ, ಅಲಿಲಿಕ್. ನಮ್ಮ ಡಾಲಿಕಾಲ್ ಫಾಸ್ಫೇಟಿಗೆ ಅದು ಇಲ್ಲ, ಅದಕ್ಕೇ ಅದು ಆಮ್ಲ ತಡ್ಕೊಳ್ಳತ್ತೆ. ಇದು ತಡ್ಕೊಳ್ಳಲ್ಲ, ಬಿಟ್ಟುಹೋಗತ್ತೆ.

ಗೋಬರ್_ಗ್ಯಾಸ್
ಟ್ರೈಟಾನ್ ಕಡಿಮೆ ಮಾಡಿದ್ರೆ ಎಂಜೈಮ್ ಇನ್ನೂ ಜೋರಾಗಿ ಓಡತ್ತೆ. 0.1% ಯಾಕೆ ಬೇಕು?

ಪಿಎಚ್_ಏಳೂವರೆ
ಅರ್ಧ ಸರಿ. ಲಿಪಿಡ್ ಇರೋದು ಮೈಸೆಲ್ (ಡಿಟರ್ಜೆಂಟ್ ಅಣುಗಳ ಉಂಡೆ) ಒಳಗೆ. ಡಿಟರ್ಜೆಂಟ್ ಎರಡರಷ್ಟಾದ್ರೆ ಲಿಪಿಡ್ ಅರ್ಧದಷ್ಟು ತೆಳು ಆಗತ್ತೆ, ನೀರಿನ ಲೆಕ್ಕದಲ್ಲಿ ಸಾಂದ್ರತೆ ಅದೇ ಇದ್ರೂ. ಹಾಗಂತ ಟ್ರೈಟಾನ್ 0.015% ಸುಮಾರಿನ ಮೈಸೆಲ್ ಗಡಿಗೆ ಇಳಿಸಿದ್ರೆ ಲಿಪಿಡ್ ಗುಂಪುಗಟ್ಟಿ ಎಂಜೈಮಿಗೆ ಸಿಗಲ್ಲ. 0.05ರಿಂದ 0.1 ನಡುವೆ ಅಳೆದು ನೋಡಿ. ಎಲ್ಲ ಬಾವಿಯಲ್ಲೂ ಒಂದೇ ಇರಲಿ, ಶುದ್ಧ ಎಂಜೈಮ್ ಜೊತೆ ಬರೋ ಡಿಡಿಎಂ ಡಿಟರ್ಜೆಂಟ್ ಕೂಡ ಲೆಕ್ಕಕ್ಕೆ ತಗೊಳ್ಳಿ. ಮತ್ತೆ ಟ್ರೈಟಾನ್ ಇರುವಾಗ 280 ನ್ಯಾನೋಮೀಟರ್ ಬೆಳಕಲ್ಲಿ ಪ್ರೋಟೀನ್ ಅಳೀಬೇಡಿ, ಅದೂ ಅಲ್ಲೇ ಹೀರತ್ತೆ.

ಮಿಕ್ಸರ್_ಗ್ರೈಂಡರ್
ಡಿಟರ್ಜೆಂಟೇ ಬೇಡ ಅಂತ ಎಸ್‌ಎಂಎ ಪಾಲಿಮರ್ ಬಳಸ್ತಾರಲ್ಲ ಈಗ. ಪೊರೆಯ ತುಂಡಿನ ಸಮೇತ ಪ್ರೋಟೀನ್ ಹೊರಗೆ.

ಪಿಎಚ್_ಏಳೂವರೆ
ಮೆಗ್ನೀಸಿಯಂ ಹಾಕಿದ ತಕ್ಷಣ ಎಸ್‌ಎಂಎ ಮೊಸರಾಗತ್ತೆ. ಮೆಗ್ನೀಸಿಯಂ ಇಲ್ಲದೆ ಪಿಜಿಎಲ್-ಸಿ ಓಡಲ್ಲ. ಅದೇ ಥರದ ಡಿಐಬಿಎಂಎ ಪಾಲಿಮರ್ ಸ್ವಲ್ಪ ಹೆಚ್ಚು ತಡ್ಕೊಳ್ಳತ್ತೆ.

ರಾಗಿಮುದ್ದೆ_ರಿಯಾಕ್ಟರ್
ಈ ಲಿಪಿಡ್ಡು ತರಿಸೋದೇ ತಲೆನೋವು, ಮಿಲಿಗ್ರಾಂ ಲೆಕ್ಕದಲ್ಲಿ ಮಾರ್ತಾರೆ. ಬೇ ಲೀಫ್‌ನಿಂದ ಅನ್‌ಡೆಕಾಪ್ರೆನಾಲ್ ತೆಗೆದು ಫಾಸ್ಫೇಟ್ ಕೂರಿಸ್ತಾರೆ ಅಂತ ಓದಿದೀನಿ. ರಸೆಲ್ ಮಾರ್ಕೆಟ್‌ನಲ್ಲಿ ಪಲಾವ್ ಎಲೆ ಅಗ್ಗ. ನಡೆಯತ್ತಾ?

ಅನ್ನಪೂರ್ಣಮ್ಮನ_ಮಗಳು
ಪಲಾವ್ ಎಲೆ ಪಲಾವಿಗೇ ಸರಿ 🙂 ನಮ್ಮಲ್ಲಿ ಸಿಗೋದು ಸಿನಮೋಮಮ್ ತಮಾಲ, ದಾಲ್ಚಿನ್ನಿ ಕುಲದ್ದು. ಅನ್‌ಡೆಕಾಪ್ರೆನಾಲ್ ತೆಗೆಯೋದು ಲಾರಸ್ ನೊಬಿಲಿಸ್‌ನಿಂದ. ಎಲೆ ಕೈಯಲ್ಲಿ ಹಿಡಿದು ನೋಡಿದ್ರೆ ತಿಳಿಯತ್ತೆ: ಪಲಾವ್ ಎಲೆಯಲ್ಲಿ ಬುಡದಿಂದ ತುದಿವರೆಗೆ ಮೂರು ನರ ಉದ್ದಕ್ಕೆ ಜೊತೆಜೊತೆಗೆ ಓಡ್ತವೆ. ಲಾರಸ್‌ನಲ್ಲಿ ನಡುನರ ಒಂದೇ, ಅದರಿಂದ ಪಕ್ಕಕ್ಕೆ ಸಣ್ಣ ಕವಲು.

ರಾಗಿಮುದ್ದೆ_ರಿಯಾಕ್ಟರ್
ಹಾಗಾದ್ರೆ ಕುಂಡದ ರಬ್ಬರ್ ಗಿಡ? ಫೈಕಸ್ ಇಲಾಸ್ಟಿಕಾದಲ್ಲಿ ಫೈಕಾಪ್ರೆನಾಲ್ ಇದೆಯಂತೆ, ಅದೂ 55 ಇಂಗಾಲವೇ. ಬೆಂಗಳೂರಲ್ಲಿ ಪ್ರತಿ ಅಪಾರ್ಟ್‌ಮೆಂಟಿನ ಬಾಗಿಲಲ್ಲೂ ಒಂದಿದೆ.

ಜಕ್ಕೂರು_ಕೆರೆದಂಡೆ
ಉದ್ದ ಒಂದೇ, ಮಡಿಕೆ ಬೇರೆ. ಬ್ಯಾಕ್ಟೀರಿಯಾ 15 ಇಂಗಾಲದ ಫಾರ್ನೆಸಿಲ್ ಪೈರೊಫಾಸ್ಫೇಟಿಗೆ ಎಂಟು ಘಟಕ ಸಿಸ್ ಆಗಿ ಸೇರಿಸತ್ತೆ: ತುದಿಯದ್ದು ಒಂದು, ಟ್ರಾನ್ಸ್ ಎರಡು, ಸಿಸ್ ಎಂಟು. ಫೈಕಾಪ್ರೆನಾಲ್‌ನಲ್ಲಿ ಟ್ರಾನ್ಸ್ ಮೂರು, ಸಿಸ್ ಏಳು. ಪಿಜಿಎಲ್-ಸಿ ಮುಖ್ಯವಾಗಿ ನೋಡೋದು ಫಾಸ್ಫೇಟಿನ ಪಕ್ಕದ ಘಟಕವನ್ನ, ಅದು ಅಪರ್ಯಾಪ್ತ ಮತ್ತು ಸಿಸ್ ಇರಬೇಕು. ಆ ಲೆಕ್ಕದಲ್ಲಿ ಪ್ರಯತ್ನಿಸಬಹುದು. ಆದ್ರೆ ಎಲೆ ಪುಡಿ ಮಾಡಿ, ದ್ರಾವಕದಲ್ಲಿ ಎಳೆದು, ಕ್ಷಾರದಲ್ಲಿ ಎಸ್ಟರ್ ಒಡೆದು, ಸಿಲಿಕಾ ಕಾಲಂ ಓಡಿಸಿದ ಮೇಲೂ ಸಿಗೋದು ಉದ್ದ ಬೇರೆಬೇರೆ ಇರೋ ಮಿಶ್ರಣ. ಆಮೇಲೆ ಫಾಸ್ಫೇಟ್ ಕೂರಿಸೋ ಕೆಮಿಸ್ಟ್ರಿ. 20 ಮೈಕ್ರೋಮೋಲಾರ್, 50 ಮೈಕ್ರೋಲೀಟರ್ ಲೆಕ್ಕದಲ್ಲಿ 1 ಮಿಲಿಗ್ರಾಂ ಅಂದ್ರೆ ಸಾವಿರಕ್ಕೂ ಮೇಲೆ ರಿಯಾಕ್ಷನ್. ಕೊಂಡ್ಕೊಳ್ಳೋದೇ ಅಗ್ಗ.

ಕೋಲ್ಡ್‌ರೂಮ್_ಕಾವಲು
ಯುಡಿಪಿ-ಡೈನ್ಯಾಕ್‌ಬ್ಯಾಕ್ ಮಾತ್ರ ನಾವೇ ಮಾಡ್ಕೋಬೇಕು ಅನ್ಸತ್ತೆ. ಹೇಗೆ?

ಜಕ್ಕೂರು_ಕೆರೆದಂಡೆ
ಅದು ಮೂರು ಎಂಜೈಮ್ ಕೆಲಸ, ಶುರು ಯುಡಿಪಿ-ಗ್ಲಕ್‌ನ್ಯಾಕ್‌ನಿಂದಲೇ. ಪಿಜಿಎಲ್-ಎಫ್ ನೀರು ತೆಗೆದು 4-ಕೀಟೊ ಮಾಡತ್ತೆ, ಎನ್‌ಎಡಿ ಬೇಕು. ಪಿಜಿಎಲ್-ಇ ಗ್ಲುಟಮೇಟ್‌ನಿಂದ ಅಮೈನ್ ತಂದು ಕೂರಿಸತ್ತೆ, ಪಿಎಲ್‌ಪಿ ಬೇಕು. ಪಿಜಿಎಲ್-ಡಿ ಅಸಿಟೈಲ್-ಕೋಎಯಿಂದ ಅಸಿಟೈಲ್ ಹಾಕತ್ತೆ. ಪಿಜಿಎಲ್-ಎಫ್ ಮುಂಭಾಗದಲ್ಲಿ ಪೊರೆಗೆ ಹೋಗೋ ತುಂಡಿದೆ, ಅದನ್ನ ಕತ್ತರಿಸಿದ ಕ್ಲೋನ್ ಮಾಡಿದ್ರೆ ನೀರಲ್ಲಿ ಕರಗತ್ತೆ. ಇಲ್ಲಾಂದ್ರೆ ಎಲ್ಲ ತಳಕ್ಕೆ.

ಎಡವೋ ಜಾಗ ಎರಡನೇ ಹೆಜ್ಜೆ. ಅಮೈನ್ ವರ್ಗಾವಣೆ ಹಿಂದೆಮುಂದೆ ಎರಡೂ ಕಡೆ ಹೋಗತ್ತೆ. ಗ್ಲುಟಮೇಟ್ ಧಾರಾಳವಾಗಿ ಹಾಕಿ, ಮೂರೂ ಎಂಜೈಮ್ ಒಂದೇ ಪಾತ್ರೆಯಲ್ಲಿ ಇದ್ರೆ ಅಸಿಟೈಲೇಷನ್ ಮುಂದಕ್ಕೆ ಎಳೆಯತ್ತೆ. ಮುಗೀತಾ ಅಂತ ನೋಡೋಕೆ ಡಿಟಿಎನ್‌ಬಿ ಹಾಕಿ 412 ನ್ಯಾನೋಮೀಟರಲ್ಲಿ ಅಳೆಯಿರಿ, ಬಿಡುಗಡೆ ಆದ ಕೋಎ ಹಳದಿ ಕೊಡತ್ತೆ. ಬಫರಲ್ಲಿ ಡಿಟಿಟಿ ಅಥವಾ ಮರ್ಕ್ಯಾಪ್ಟೊಎಥನಾಲ್ ಥರದ ಗಂಧಕದ ವಸ್ತು ಇದ್ರೆ ಮೊದಲೇ ಹಳದಿ, ಅದು ಸುಳ್ಳು.

ಗೋಬರ್_ಗ್ಯಾಸ್
ಡೈನ್ಯಾಕ್‌ಬ್ಯಾಕ್ ಹಾಕಿದ್ರೂ ನೂರಕ್ಕೆ ನೂರು ಆಗಲ್ಲ. ಯುಎಂಪಿ ಜಾಸ್ತಿ ಆದಂಗೆ ವಾಪಸ್ ಓಡತ್ತೆ.

ಬಫರ್_ಭಟ್ರು
ಈ ಸಲ ನಿಮ್ಮ ಮಾತು ಸರಿ. ಪೈರೊಫಾಸ್ಫೇಟ್ ಬಂಧ ಒಂದು ಹೋಗಿ ಅಂಥದ್ದೇ ಇನ್ನೊಂದು ಬರತ್ತೆ, ಲಾಭ ನಷ್ಟ ಹತ್ತಿರ ಹತ್ತಿರ ಸಮ. ಎಂಆರ್‌ಎವೈ ಕಥೆಯೂ ಅದೇ. ಹಾಗಾಗಿ ಮುಂದಿನ ಎಂಜೈಮ್ ಜೊತೆಗೇ ಹಾಕೋದು: ಪಿಜಿಎಲ್-ಸಿಗೆ ಪಿಜಿಎಲ್-ಎ ಮತ್ತು ಯುಡಿಪಿ-ಗ್ಯಾಲ್‌ನ್ಯಾಕ್, ಎಂಆರ್‌ಎವೈಗೆ ಮರ್-ಜಿ ಮತ್ತು ಯುಡಿಪಿ-ಗ್ಲಕ್‌ನ್ಯಾಕ್. ಆದ್ರೆ ಮೊದಲ ಹೆಜ್ಜೆಯಲ್ಲಿ ಬರೋದು ಯುಎಂಪಿ, ಎರಡನೇದರಲ್ಲಿ ಯುಡಿಪಿ. ಕಿಟ್ ಬೇರೆ ಬೇರೆ. ಯುಎಂಪಿ ಕಿಟ್ ಹಿಡ್ಕೊಂಡು ಮರ್-ಜಿ ಅಳೆಯೋಕೆ ಹೋದ್ರೆ ಏನೂ ಸಿಗಲ್ಲ.

ಹಿತ್ತಲ_ಮದ್ದು
ಪಿಜಿಎಲ್-ಸಿಯೂ ಎಂಆರ್‌ಎವೈಯೂ ಒಂದೇ ಕೆಲಸ ಮಾಡೋದಾದ್ರೆ ಆಕಾರ ಅಷ್ಟು ಬೇರೆ ಯಾಕೆ?

ಜಕ್ಕೂರು_ಕೆರೆದಂಡೆ
ಒಳಗಿನ ದಾರಿಯೂ ಬೇರೆ. ಪಿಜಿಎಲ್-ಸಿಯಲ್ಲಿ ಆಸ್ಪಾರ್ಟೇಟ್-ಗ್ಲುಟಮೇಟ್ ಜೋಡಿ ಇದೆ. ಆಸ್ಪಾರ್ಟೇಟ್ ಮೊದಲು ಫಾಸ್ಫೊಸಕ್ಕರೆಯನ್ನ ತನ್ನ ಮೇಲೇ ಕೂರಿಸ್ಕೊಂಡು ಯುಎಂಪಿ ಬಿಡತ್ತೆ, ಆಮೇಲೆ ಲಿಪಿಡ್ ಬಂದು ಎತ್ಕೊಳ್ಳತ್ತೆ. ಪಿಂಗ್-ಪಾಂಗ್. ಇದರ ಪರಿಣಾಮ ಕೋಲ್ಡ್‌ರೂಮ್ ಅವರಿಗೆ: ಎಂಜೈಮ್ ಸಾಂದ್ರತೆ ಜಾಸ್ತಿ ಇಟ್ರೆ ಲಿಪಿಡ್ ಇಲ್ಲದೆಯೂ ಎಂಜೈಮಿನಷ್ಟೇ ಯುಎಂಪಿ ಬರತ್ತೆ. ನ್ಯಾನೋಮೋಲಾರ್‌ನಲ್ಲಿ ಇಡಿ. ಎಂಆರ್‌ಎವೈಯಲ್ಲಿ ಲಿಪಿಡ್ ಫಾಸ್ಫೇಟೇ ನೇರ ದಾಳಿ ಮಾಡತ್ತೆ ಅನ್ನೋ ಕಡೆಗೆ ಈಗ ಒಲವು ಹೆಚ್ಚು. 2013ರಲ್ಲಿ ಅಕ್ವಿಫೆಕ್ಸ್‌ನ ಎಂಆರ್‌ಎವೈ ರಚನೆ ಬಂತು, ಪಿಜಿಎಲ್-ಸಿ ಕುಟುಂಬದ್ದು 2018ರಲ್ಲಿ. ಪಕ್ಕಪಕ್ಕ ಇಟ್ರೆ ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ.

ಗೋಬರ್_ಗ್ಯಾಸ್
ಲಿಪಿಡ್ 2 ಮಗುಚೋದು ಎಫ್‌ಟಿಎಸ್-ಡಬ್ಲ್ಯು ಅಂತ ಪಾಠದಲ್ಲಿತ್ತು.

ಅನ್ನಪೂರ್ಣಮ್ಮನ_ಮಗಳು
ಹಳೇ ನೋಟ್ಸ್. 2014ರಲ್ಲಿ ಕೊಲಿಸಿನ್ ಎಂ ಬಳಸಿ, ಆಚೆ ಬದಿಗೆ ಬಂದ ಲಿಪಿಡ್ 2 ಮಾತ್ರ ಕತ್ತರಿಸೋ ಹಾಗೆ ಮಾಡಿ ಜೀವಂತ ಕೋಶದಲ್ಲೇ ಮಗುಚೋದು ಮರ್-ಜೆ ಅಂತ ತೋರಿಸಿದ್ರು. ಎಫ್‌ಟಿಎಸ್-ಡಬ್ಲ್ಯು ಸಕ್ಕರೆ ಸರಪಳಿ ನೇಯೋ ಎಂಜೈಮ್.

ಗೋಬರ್_ಗ್ಯಾಸ್
ಕೃತಕ ಗುಳ್ಳೆಯಲ್ಲಿ ಎಫ್‌ಟಿಎಸ್-ಡಬ್ಲ್ಯು ಮಗುಚಿದ ಫಲಿತಾಂಶ ಎಲ್ಲಿಗೆ ಹೋಯ್ತು ಹಾಗಾದ್ರೆ? ಅದೂ 2011ರದ್ದೇ.

ಅನ್ನಪೂರ್ಣಮ್ಮನ_ಮಗಳು
ಫಲಿತಾಂಶ ಇದೆ. ಜೀವಂತ ಕೋಶದಲ್ಲಿ ಅದು ಬೇಕಾಗಿಲ್ಲ ಅಷ್ಟೆ. ಬೇರೆ ಎಳೆ ತೆಗೀರಿ, ಅಲ್ಲಿ ಜಗಳ ಆಡೋಣ.

ಹಿತ್ತಲ_ಮದ್ದು
ಒಂದು ಕೊನೇ ಅನುಮಾನ. ಸ್ಟ್ಯಾಫಿಲೊಕಾಕಸ್‌ನಲ್ಲಿ ಟೈಕೊಯಿಕ್ ದಾರಿಯ ಮೊದಲ ಜೀನ್ ಟಾರ್-ಒ ತೆಗೆದ್ರೆ ಬದುಕತ್ತಂತೆ, ಮುಂದಿನ ಜೀನ್ ತೆಗೆದ್ರೆ ಸಾಯತ್ತಂತೆ. ತಲೆಕೆಳಗಾಯ್ತಲ್ಲ?

ಪಿಎಚ್_ಏಳೂವರೆ
ತಲೆಕೆಳಗಲ್ಲ. ಮೊದಲ ಹೆಜ್ಜೆಯೇ ಇಲ್ಲಾಂದ್ರೆ ವಾಹಕ ಆ ದಾರಿಗೆ ಹೋಗೋದೇ ಇಲ್ಲ, ಪೆಪ್ಟಿಡೊಗ್ಲೈಕನ್‌ಗೆ ಸಿಗತ್ತೆ. ನಡುವೆ ಕತ್ತರಿಸಿದ್ರೆ ಅರ್ಧ ಕಟ್ಟಿದ ಸಕ್ಕರೆ ಹೊತ್ತ ವಾಹಕ ಅಲ್ಲೇ ಸಿಕ್ಕಿಬೀಳತ್ತೆ, ಕೋಶಭಿತ್ತಿಗೆ ಬಾಲ ಸಾಲಲ್ಲ. ಟಾರ್-ಒ ಕೂಡ ತೆಗೆದುಬಿಟ್ರೆ ಮುಂದಿನ ಜೀನ್ ಇಲ್ಲದೆಯೂ ಬದುಕತ್ತೆ.

ಕೋಲ್ಡ್‌ರೂಮ್_ಕಾವಲು
ಟ್ಯೂನಿಕಮೈಸಿನ್ ಹಾಕಿ ನೋಡಿಯಾಯ್ತು. ಲಿಪಿಡ್ ಇಲ್ಲದ ಬಾವಿಯ ಬೆಳಕು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿತ್ತು, ಉಳಿದದ್ದು ಹಾಗೇ ಇದೆ.

ಬಫರ್_ಭಟ್ರು
ಬಿದ್ದದ್ದು ವೆಕ್-ಎ. ಉಳಿದದ್ದಕ್ಕೆ ಮೊದಲ ಅನುಮಾನ ಉಶ್-ಎ. ಖಾಲಿ ಪ್ಲಾಸ್ಮಿಡ್ ಹಾಕಿದ ಕೋಶದ ಮೆಂಬ್ರೇನ್ ಮಾಡಿ ಪಕ್ಕದಲ್ಲೇ ಓಡಿಸಿ, ಅಷ್ಟೇ ಬೆಳಕು ಬಂದ್ರೆ ಪಿಜಿಎಲ್-ಸಿಗೂ ಅದಕ್ಕೂ ಸಂಬಂಧ ಇಲ್ಲ. ಆಮೇಲೆ 1% ಡಿಡಿಎಂನಲ್ಲಿ ಕರಗಿಸಿ, 1,00,000 ಜಿಯಲ್ಲಿ ಒಂದು ಗಂಟೆ, ನಿಕಲ್ ಕಾಲಂ. ಉಶ್-ಎಗೆ ನಿಕಲ್ ಹಿಡಿಯೋ ಹಿಸ್-ಟ್ಯಾಗ್ ಇಲ್ಲ, ತೊಳೆಯುವಾಗ ಹೋಗತ್ತೆ.

ಮಿಕ್ಸರ್_ಗ್ರೈಂಡರ್
ಕೀಯೊ ಸಂಗ್ರಹದಲ್ಲಿ (ಒಂದೊಂದು ಜೀನ್ ತೆಗೆದ ಇ. ಕೋಲೈ ತಳಿಗಳದ್ದು) ಉಶ್-ಎ ತೆಗೆದ ತಳಿ ಇದೆಯಲ್ಲ, ಅದರಲ್ಲೇ ಬೆಳೆಸಿದ್ರೆ ತಾಪತ್ರಯವೇ ಇಲ್ಲ.

ಜಕ್ಕೂರು_ಕೆರೆದಂಡೆ
ಇದೆ, ವೆಕ್-ಎ ತೆಗೆದದ್ದೂ ಇದೆ. ಆದ್ರೆ ಕೀಯೊ ತಳಿಗಳಲ್ಲಿ ಡಿಇ3 (ಟಿ7 ಪಾಲಿಮರೇಸ್ ಜೀನ್ ಇರೋ ತುಂಡು) ಇಲ್ಲ, ಟಿ7 ಪ್ರಮೋಟರ್ ಇರೋ ಪ್ಲಾಸ್ಮಿಡ್ ಅಲ್ಲಿ ಸುಮ್ಮನೆ ಕೂರತ್ತೆ. ಅರಾಬಿನೋಸ್ ಹಾಕಿದ್ರೆ ಶುರುವಾಗೋ ಪಿಬ್ಯಾಡ್ ಪ್ರಮೋಟರ್‌ಗೆ ಬದಲಾಯಿಸ್ಕೊಳ್ಳಿ. ಆ ತಳಿ ಅರಾಬಿನೋಸ್ ತಿನ್ನಲ್ಲ, ಹಾಗಾಗಿ 0.2% ಹಾಕಿದ್ರೆ ಅದು ಕೊನೆವರೆಗೂ ಉಳಿಯತ್ತೆ. ಕೀಯೊದಲ್ಲಿ ಕ್ಯಾನಮೈಸಿನ್ ಗುರುತು ಮೊದಲೇ ಇದೆ, ಪ್ಲಾಸ್ಮಿಡ್‌ಗೆ ಆ್ಯಂಪಿಸಿಲಿನ್ ಇರೋದು ನೋಡ್ಕೊಳ್ಳಿ.

ಕೋಲ್ಡ್‌ರೂಮ್_ಕಾವಲು
ನಮ್ಮದು ಟಿ7, ಕ್ಯಾನಮೈಸಿನ್ ಎರಡೂ.

ಬಫರ್_ಭಟ್ರು
ಹಾಗಾದ್ರೆ ಸದ್ಯಕ್ಕೆ ನಿಕಲ್ ಕಾಲಂ. ಕ್ಲೋನಿಂಗ್ ಪಕ್ಕದಲ್ಲಿ ನಡೀತಿರ್ಲಿ.